ಡೆಲ್ಫ್ಟ್ ಸಂತೆಯಲ್ಲಿ ಚೌಕಾಸಿ

ಬೇಸಿಗೆಯ ಶನಿವಾರ ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ಕಾಲುವೆ ದಂಡೆಯಲ್ಲಿ ಹಳೇ ಸಾಮಾನಿನ ಸಂತೆ. ತಾಮ್ರದ ಕೆಟಲು, ಹಿಡಿ ಮುರಿದ ಕಪ್ಪು, ಯಾರದೋ ಮುತ್ತಜ್ಜನ ಫೋಟೊ (ಮಾರಿದವರು ಮರಿಮಕ್ಕಳೇ ಇರಬೇಕು). 17ನೇ ಶತಮಾನದಲ್ಲಿ ಚೀನಾದ ನೀಲಿ-ಬಿಳಿ ಪಿಂಗಾಣಿಯನ್ನು ನಕಲು ಮಾಡಿಯೇ ಈ ಊರು ಹೆಸರಾದದ್ದು. ಈಗ ಆ ನಕಲಿಗೂ ನಕಲು ಬಂದು, ಗಿರಾಕಿಗಳು ತಟ್ಟೆ ಮಗುಚಿ ತಳದ ಮುದ್ರೆ ಹುಡುಕುತ್ತಾರೆ. ನನ್ನ ಹೆಂಡತಿಯೂ ಮಗುಚಿದಳು, ತೆಂಗಿನಕಾಯಿ ಆರಿಸುವವಳ ಹಾಗೆ ತಟ್ಟಿ ಕಿವಿಗಿಟ್ಟಳು.

"40 ಯೂರೋ" ಎಂದ ಅಜ್ಜನಿಗೆ "ಹತ್ತು" ಎಂದಳು. ಹೊರಟವರಂತೆ ನಟಿಸಿ ನಾಲ್ಕು ಹೆಜ್ಜೆ ಹಾಕಿದೆವು. ಚಿಕ್ಕಪೇಟೆಯಾಗಿದ್ದರೆ ಕೂಗಿ ಕರೆಯುತ್ತಿದ್ದರು; ಈತ ನೆಮ್ಮದಿಯಾಗಿ ಕಾಫಿ ಹೀರಿದ. ಚಿತ್ರಕಾರ ವರ್ಮೀರನ ಸಮಾಧಿಯಿರುವ ಹಳೇ ಚರ್ಚಿನ ಗೋಪುರವೇ ಸುಮಾರು ಎರಡು ಮೀಟರ್ ವಾಲಿದೆ, ಈತ ಕೂದಲೆಳೆಯಷ್ಟೂ ವಾಲಲಿಲ್ಲ. ಕೊನೆಗೆ 38ಕ್ಕೆ ಕೊಂಡೆವು. ಎರಡು ಯೂರೋ ಉಳಿಸಿದ ಹೆಮ್ಮೆಯಲ್ಲಿ ಆಕೆ ಪಕ್ಕದಂಗಡಿಯ ಕೆಟಲಿನತ್ತ ನಡೆದಳು.