ಹೆಬ್ಬೆಟ್ಟು ಕೇಳದ ಆಸ್ಪತ್ರೆ

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಸರ್ಕಾರ ಆರೋಗ್ಯ ವಿಚಾರಿಸಿದ್ದಕ್ಕೆ ದಾಖಲೆ ಇದೆ. ಅಳಿಸಲಾಗದ ದಾಖಲೆ, ಬಂಡೆಯ ಮೇಲಿನದು. ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಶಾಸನ ನಮ್ಮ ಬ್ರಹ್ಮಗಿರಿಯಲ್ಲಿ ಶುರುವಾಗುವುದೇ ಆರೋಗ್ಯದಿಂದ. ಸುವರ್ಣಗಿರಿಯಿಂದ ರಾಜಕುಮಾರ ಇಸಿಲ ಪಟ್ಟಣದವರ ಕ್ಷೇಮ ಕೇಳುತ್ತಾನೆ. ಯಾರ ಕ್ಷೇಮ? ಮಹಾಮಾತ್ರರದ್ದು, ಅಂದರೆ ಅಧಿಕಾರಿಗಳದ್ದು. ಅವರು ಸೌಖ್ಯವೆಂದು ಖಾತ್ರಿಯಾದ ಮೇಲೆ ಜನರ ಸರದಿ. ಜನರಿಗೆ ಸಿಕ್ಕಿದ್ದು ಉಪದೇಶ: ತಂದೆತಾಯಿ ಮಾತು ಕೇಳಿ, ನಿಜ ಹೇಳಿ, ಜೀವಿಗಳಲ್ಲಿ ದಯೆ ಇಡಿ.

ಇದೇ ಅಶೋಕ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದ್ದೇನೆ, ಔಷಧದ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದ್ದೇನೆ ಎಂದು ಇನ್ನೊಂದು ಶಾಸನದಲ್ಲಿ ಬರೆಸಿದ. ಆ ಶಾಸನ ಗಿರ್ನಾರದ ಬಂಡೆಗೆ ಹೋಯಿತು, ನಮ್ಮ ಬಂಡೆಗೆ ಬರಲಿಲ್ಲ. ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದ ನಂಜುಂಡಪ್ಪ ವರದಿ ಬರುವುದಕ್ಕೆ ಮೊದಲೇ ನಾವು ಹಿಂದುಳಿದಿದ್ದೆವು. 2019ರಲ್ಲಿ ನಮ್ಮ ಕ್ಷೇತ್ರದ ಶಾಸಕರೇ ರಾಜ್ಯದ ಆರೋಗ್ಯ ಸಚಿವರಾದಾಗ ಹಳೆಯ ಬಾಕಿ ಚುಕ್ತಾ ಆಯಿತೆಂದುಕೊಂಡೆವು. ಮರುವರ್ಷ ಅವರ ಖಾತೆ ಬದಲಾಯಿತು. ದೊಡ್ಡ ಕಾಯಿಲೆ ಬಂದರೆ ನಾವು ಈಗಲೂ ಬಳ್ಳಾರಿ ಬಸ್ಸಿಗೇ ಕಾಯುತ್ತೇವೆ.

ಬಡವರ, ಕೈಕಾಲು ಕಳೆದುಕೊಂಡವರ ಆಸ್ಪತ್ರೆಯ ಶಾಸನ ಓದಬೇಕೆಂದರೆ ಶಿಕಾರಿಪುರದ ಕಡೆ ಹೋಗಬೇಕು, ಬಳ್ಳಿಗಾವಿಗೆ. ಅಲ್ಲಿಯ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಮಠದ ವರ್ಣನೆ 1162ರ ಶಾಸನದಲ್ಲಿದೆ. ಮಠ ಕಾಳಾಮುಖ ಶೈವರದ್ದು. ರಾಜ ಕಲಚುರಿ ಬಿಜ್ಜಳ, ಬಸವಣ್ಣನವರ ಕಥೆಯಲ್ಲಿ ಬರುವ ಬಿಜ್ಜಳನೇ. ವೇದ, ವ್ಯಾಕರಣಗಳ ಪಾಠವೂ ಅಲ್ಲಿತ್ತು; ಅದರ ಹೊಗಳಿಕೆ ಪಂಡಿತರಿಗಿರಲಿ. ನನಗೆ ಬೇಕಾದದ್ದು ಊಟದ ಪಟ್ಟಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಬತ್ತಲೆ ತಿರುಗುವವರು, ಗಾಯಗೊಂಡವರು, ಜೈನ ಕ್ಷಪಣಕರು, ನಾನಾ ದೇಶದ ಭಿಕ್ಷುಕರು. ಇಷ್ಟೂ ಜನಕ್ಕೆ ತಡೆಯಿಲ್ಲದ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಔಷಧ. ಯಾವ ರೋಗ ಎಂದು ಹೆಸರಿಸುವ ಗೋಜಿಗೇ ಹೋಗಿಲ್ಲ. ಕುಷ್ಠದವರು ಹಿಂದಿನ ಬಾಗಿಲಿಂದ ಬರತಕ್ಕದ್ದು ಎಂದೂ ಬರೆದಿಲ್ಲ.

ಬರೆದದ್ದೆಲ್ಲ ನಡೆಯಿತೆಂದು ನಾನೇನೂ ಆಣೆ ಇಡುವುದಿಲ್ಲ. ಶಾಸನವೂ ಆ ಕಾಲದ ಫ್ಲೆಕ್ಸೇ. ಮಠವನ್ನು ಹೊಗಳಲೆಂದೇ ಬರೆಸಿದ್ದು. ಆದರೂ ತನ್ನ ಫ್ಲೆಕ್ಸಿನಲ್ಲಿ ಕುಂಟರ, ಕುರುಡರ ಪಟ್ಟಿ ಹಾಕಿಸಿ ಮೆರೆದ ಪುಢಾರಿಯನ್ನು ನಾನಂತೂ ಕಂಡಿಲ್ಲ.

ಆ ಪಟ್ಟಿ ಇವತ್ತು ಇಲಾಖೆಯ ಕೈಗೆ ಸಿಕ್ಕಿದ್ದರೆ ಸುತ್ತೋಲೆ ಹೀಗಿರುತ್ತಿತ್ತು. ಕುಂಟರು ಶೇ. 40ಕ್ಕೆ ಕಡಿಮೆಯಿಲ್ಲದಂತೆ ಕುಂಟಿರಬೇಕು, ಶೇ. 39 ಕುಂಟುವವರು ನೆಟ್ಟಗೆ ನಡೆದು ಮನೆಗೆ ಹೋಗತಕ್ಕದ್ದು. ಅನಾಥರು ತಂದೆತಾಯಿಯ ಆಧಾರ್ ಪ್ರತಿ ಲಗತ್ತಿಸುವುದು. ಬತ್ತಲೆ ಇರುವವರು ಇತ್ತೀಚಿನ ಭಾವಚಿತ್ರ ಎರಡು ಪ್ರತಿ, ಸ್ವಯಂ ದೃಢೀಕರಿಸಿ. ನಾನಾ ದೇಶದ ಭಿಕ್ಷುಕರು ವಾಸಸ್ಥಳ ದೃಢೀಕರಣ ಪತ್ರದೊಂದಿಗೆ ನಾಡಕಚೇರಿಗೆ ಬರುವುದು. ಸರ್ವರ್ ಇದ್ದ ದಿನ.

ಬಳ್ಳಿಗಾವಿಗೂ ಈ ಇಲಾಖೆಗೂ ನಡುವೆ ಬ್ರಿಟಿಷರೂ ಒಂದು ಕಾನೂನು ಮಾಡಿದರು, 1898ರ ಲೆಪರ್ಸ್ ಆಕ್ಟ್. ಕುಷ್ಠವಿದ್ದೂ ಭಿಕ್ಷೆ ಬೇಡುವವನನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಅದೇ ಕುಷ್ಠವಿದ್ದು ಜೇಬಿನಲ್ಲಿ ದುಡ್ಡೂ ಇದ್ದರೆ ಹಿಡಿಯುವ ಮಾತಿಲ್ಲ. ಕುಷ್ಠದ ಸೂಕ್ಷ್ಮಾಣುವನ್ನು ವೈದ್ಯ ಹ್ಯಾನ್ಸನ್ 1873ರಲ್ಲೇ ಪತ್ತೆ ಮಾಡಿದ್ದ. ಅದು ಹಣವಂತರ ಮೈಯಲ್ಲಿದ್ದಾಗ ಸಭ್ಯವಾಗಿ ವರ್ತಿಸುತ್ತದೆ ಎಂಬುದನ್ನು ಪತ್ತೆ ಮಾಡಿದ್ದು ಈ ಕಾಯ್ದೆ. ಬ್ರಿಟಿಷರು ಹೋದರು, ಕಾಯ್ದೆಗೆ ಹೋಗುವ ಅವಸರವಿರಲಿಲ್ಲ. ರದ್ದಾಗಿದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆಯಲು 2019ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಆರು ತಿಂಗಳು, ಹೆಚ್ಚೆಂದರೆ ವರ್ಷ ಮಾತ್ರೆ ನುಂಗಿದರೆ ಕಾಯಿಲೆ ವಾಸಿಯಾಗುವ ಕಾಲ ಬಂದು ಸುಮಾರು ಎರಡು ದಶಕವಾಗಿತ್ತು. ಮಾತ್ರೆ ಪುಕ್ಕಟೆ ಬೇರೆ.

ದೇಶದಲ್ಲಿ ಕುಷ್ಠ ನಿರ್ಮೂಲನೆಯ ಗುರಿ ಮುಟ್ಟಿದ್ದು 2005ರ ಡಿಸೆಂಬರಿನಲ್ಲಿ. ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗಲೂ ನಮ್ಮವರೇ. ಪಾಪ, ಅವರಿಗೆ ಆ ನಿರ್ಮೂಲನೆಯ ಘೋಷಣೆಯ ಪ್ರತಿ ತಲುಪಿಲ್ಲ.

ಈ ಕಾಯಿಲೆ ನರಕ್ಕೆ ಹೊಕ್ಕು ಮೊದಲು ಸ್ಪರ್ಶ ಕಸಿಯುತ್ತದೆ. ಸುಟ್ಟರೂ ಕೊಯ್ದರೂ ಗೊತ್ತಾಗದೆ ಬೆರಳು ಹುಣ್ಣಾಗಿ ಮೊಂಡಾಗುತ್ತದೆ. ಹಾಗೆ ಮೊಂಡಾದ ಕೈಯನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಕೇಳುವುದು ಏನನ್ನು? ಹೆಬ್ಬೆಟ್ಟನ್ನು. "ಒತ್ತಜ್ಜಾ, ಇನ್ನೊಂದ್ಸಲ ಒತ್ತು." ಅಜ್ಜ ಇಲ್ಲದ್ದನ್ನು ಒತ್ತುವುದು ಹೇಗೆ? ಬೆರಳಿಲ್ಲದಿದ್ದರೆ ಕಣ್ಣಿನ ಪಾಪೆ ತೋರಿಸಬಹುದು ಎನ್ನುತ್ತದೆ ನಿಯಮ. ನಿಯಮ ಬರೆದವರಿಗೆ ಈ ಕಾಯಿಲೆ ಕಣ್ಣನ್ನೂ ಬಿಡುವುದಿಲ್ಲವೆಂದು ಯಾರೂ ಹೇಳಿದಂತಿಲ್ಲ. ಅದಕ್ಕೂ ವಿನಾಯಿತಿ ಇದೆಯಂತೆ. ಅದನ್ನು ಪಡೆಯಲು ಅರ್ಜಿ ಕೊಡಬೇಕು. ಅರ್ಜಿಗೆ ಸಹಿ.

ಜನವರಿ 30 ಗಾಂಧೀಜಿ ತೀರಿಕೊಂಡ ದಿನ. ಸೇವಾಗ್ರಾಮದಲ್ಲಿ ಕುಷ್ಠವಿದ್ದ ಪರಚುರೆ ಶಾಸ್ತ್ರಿಗಳ ಹುಣ್ಣು ತೊಳೆದವರು ಅವರು. ಆ ನೆನಪಿಗೆ ಅಂದು ಕುಷ್ಠ ವಿರೋಧಿ ದಿನ. 2017ರಿಂದ ಊರೂರ ಗ್ರಾಮಸಭೆಯಲ್ಲಿ ‘ಸ್ಪರ್ಶ’ ಹೆಸರಿನಲ್ಲಿ ಪ್ರತಿಜ್ಞೆ ಬೋಧಿಸುತ್ತಾರೆ: ಯಾರನ್ನೂ ದೂರ ಇಡುವುದಿಲ್ಲ, ಭೇದ ಮಾಡುವುದಿಲ್ಲ. ಎಲ್ಲರೂ ಕೈ ಮುಂದೆ ಚಾಚಿ ಹೇಳುತ್ತಾರೆ. ಆಮೇಲೆ ಟೀ, ಬಿಸ್ಕತ್ತು, ಹಾಜರಿ ಪುಸ್ತಕ. ಸಹಿ ಬಾರದವರಿಗೆ ಪಕ್ಕದಲ್ಲೇ ಇಂಕ್ ಪ್ಯಾಡ್ ಇಟ್ಟಿರುತ್ತಾರೆ.