ಪುಕ್ಕಟೆ ಮೀಮಾಂಸೆ: ಕೋಲಾರ ಸೀಮೆಯ ಭಾಷ್ಯ

ಪೂರ್ವಸೂರಿಗಳು ಗ್ರಂಥಾರಂಭದಲ್ಲಿ ಕುರುಡುಮಲೆ ಗಣಪನಿಗೆ ಕೈಮುಗಿದು ವಿಘ್ನ ಕಳೆದುಕೊಳ್ಳುತ್ತಿದ್ದರು. ಈಗಿನ ಸಂಪ್ರದಾಯದಲ್ಲಿ ವಿಘ್ನವೇ ಮಂಗಳಾಚರಣೆ. ಕೋಲಾರ ಎಪಿಎಂಸಿಯ ಇವತ್ತಿನ ಟೊಮ್ಯಾಟೊ ರೇಟು ತಿಳಿಯಲು ಯೂಟ್ಯೂಬ್ ತೆರೆದ ಜಿಜ್ಞಾಸು ಮೊದಲು ಸಾಲದ ಆ್ಯಪಿನ ದರ್ಶನ ಮಾಡಬೇಕು. ಐದು ಸೆಕೆಂಡ್ ತಪಸ್ಸಾದ ಮೇಲೆಯೇ 'ಸ್ಕಿಪ್' ಎಂಬ ಮೋಕ್ಷದ್ವಾರ.

ಪೂರ್ವಪಕ್ಷ: 'ಕಾಸು ಕೊಡದೆ ಸಿಕ್ಕಿದ್ದಕ್ಕೆ ತಕರಾರೇ?' ಎಂಬುದು ಶ್ರೀನಿವಾಸಪುರದ ಮಾವಿನ ತೋಪಿನವರ ಮತ. ಬಲವಾದ ಮತವೇ. ಹಿಂದೆ ರೇಟು ಕೇಳಬೇಕಾದರೆ ಮಂಡಿಯವರನ್ನೇ ಕೇಳಬೇಕಿತ್ತು. ಅವರು ಹೇಳುತ್ತಿದ್ದದ್ದು ಅವರಿಗೆ ಅನುಕೂಲವಾದ ರೇಟು. ಫೋನಿನಲ್ಲೇ ರೇಟು ಸಿಗತೊಡಗಿದ ಮೇಲೆ, 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದನ್ನು ಯಾರಿಗೂ ಬಚ್ಚಿಡಲಾಗಲಿಲ್ಲ.

ಉತ್ತರಪಕ್ಷ: ಯಾರ್ಡಿನಲ್ಲಿ ರೈತ ಟೊಮ್ಯಾಟೊ ಹರಾಜಿಗಿಟ್ಟು ಫೋನ್ ತೆಗೆದರೆ, ಫೋನಿನೊಳಗೆ ರೈತನೇ ಹರಾಜಾಗುತ್ತಿರುತ್ತಾನೆ. ಇವನ ಕಣ್ಣಿಗೆ ಯಾರ ಜಾಹೀರಾತು ಬೀಳಬೇಕೆಂದು ಯಂತ್ರಗಳು ರೆಪ್ಪೆ ಮುಚ್ಚುವುದರೊಳಗೆ ಕೂಗಿ ಮುಗಿಸಿರುತ್ತವೆ. ಯಾರ್ಡಿನ ಕೂಗು ಕಿವಿಗೆ ಬೀಳುತ್ತದೆ, ಬಿಲ್ಲು ಕೈಗೆ ಬರುತ್ತದೆ. ಈ ಹರಾಜಿನಲ್ಲಿ ಎರಡೂ ಇಲ್ಲ. ಬಂದ ದುಡ್ಡಿನಲ್ಲಿ ರೇಟು ಹೇಳಿದ ಚಾನೆಲ್ಲಿಗೆ ನೂರಕ್ಕೆ 55, ಯೂಟ್ಯೂಬಿಗೆ 45. (ಮಂಡಿಯವರು ಹತ್ತು ಹಿಡಿದರೆ ಕೂಗಾಡುವ ಸೀಮೆ ಇದು.) ತನ್ನ ಮಾರಾಟದಲ್ಲಿ ಟೊಮ್ಯಾಟೊಗೆ ಎಷ್ಟು ಪಾಲೋ, ರೈತನಿಗೂ ಅಷ್ಟೇ.

ಇಲ್ಲೊಂದು ಸೂಕ್ಷ್ಮವಿದೆ. ಸ್ಕಿಪ್ ಮಾಡಬಲ್ಲ ಜಾಹೀರಾತನ್ನು 30 ಸೆಕೆಂಡ್ ನೋಡಿದರೆ ಅದು 'ವೀಕ್ಷಣೆ'ಯ ಲೆಕ್ಕಕ್ಕೆ ಸೇರುತ್ತದೆ. ಬೆಳಗಿನಿಂದ ಹಣ್ಣು ಕಿತ್ತ ಕೈಗೆ ಗಿಡದ ಹಸಿರುಗಪ್ಪು ಕರೆ ಮೆತ್ತಿಕೊಂಡಿರುತ್ತದೆ. ಆ ಹೆಬ್ಬೆರಳನ್ನು ಲುಂಗಿಗೆ ಎಷ್ಟು ಉಜ್ಜಿ ಒತ್ತಿದರೂ ಗಾಜು ಒಪ್ಪುವುದಿಲ್ಲ. ಜಾಹೀರಾತು ಪೂರ್ತಿ ಓಡುತ್ತದೆ. ಕ್ಯಾಲಿಫೋರ್ನಿಯಾದ ಕಡತದಲ್ಲಿ ನಮ್ಮವನು 'ಸಾಲದಲ್ಲಿ ಆಸಕ್ತ' ಎಂದು ದಾಖಲಾಗುತ್ತಾನೆ, ನಾಳೆಯಿಂದ ಆ ಆ್ಯಪು ಬೆನ್ನು ಬಿಡುವುದಿಲ್ಲ. ಆಸಕ್ತಿ ಇಲ್ಲವೆಂದೂ ಹೇಳಲಾಗದು, ರೇಟು ಬಿದ್ದ ವರ್ಷ.

ಪ್ರಮಾಣವಚನ ಬೇಕೆಂಬವರಿಗೆ: ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸರ್ಚ್ ಎಂಜಿನ್ ಜಾಹೀರಾತು ಕೊಟ್ಟವರ ಕಡೆಗೇ ವಾಲುತ್ತದೆ ಎಂದು 1998ರ ಪ್ರಬಂಧದಲ್ಲಿ ಬರೆದವರು ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್, ಅಂದರೆ ಯೂಟ್ಯೂಬಿನ ಈಗಿನ ಒಡೆಯ ಗೂಗಲನ್ನು ಕಟ್ಟಿದವರೇ. 2000ದಲ್ಲಿ ಅವರೇ ಜಾಹೀರಾತಿನ ಅಂಗಡಿ ತೆರೆದರು. ಭಾಷ್ಯಕಾರ ಸೂತ್ರಕಾರನ ಮಾತು ಮೀರಿದ್ದುಂಟು; ಸೂತ್ರಕಾರನೇ ಎರಡು ವರ್ಷಕ್ಕೆ ತನ್ನ ಸೂತ್ರ ನುಂಗಿದ್ದು ಅಪರೂಪ.

ಭಾಷಾವಿಚಾರ: ಮುಳಬಾಗಿಲಿನ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಯಂತ್ರಕ್ಕೆ ತಲೆ ಕೆಟ್ಟು ಹಿಂದಿಯಲ್ಲಿ ಜಾಹೀರಾತು ಹಾಕುತ್ತದೆ. ಅರ್ಥವಾಗದ ಜಾಹೀರಾತಿನಿಂದ ಜೇಬಿಗೆ ಹಾನಿಯಿಲ್ಲ. ಆದ್ದರಿಂದ ಈ ಸೇವೆ ನಿಜಕ್ಕೂ ಪುಕ್ಕಟೆ ಎಂಬುದು ಮುಳಬಾಗಿಲು ಶಾಖೆಯ ಸಿದ್ಧಾಂತ. ಮಾಲೂರು ಶಾಖೆ ಇದನ್ನು ಒಪ್ಪುವುದಿಲ್ಲ: ಅಲ್ಲಿಯ ಫ್ಯಾಕ್ಟರಿಗಳಿಗೆ ಹೋಗುವವರು ಈಗಾಗಲೇ ಹಿಂದಿ ಕಲಿತುಬಿಟ್ಟಿದ್ದಾರೆ.