ಇಂದ್ರಪ್ರಸ್ಥದ ಅಲ್ಪಪರ್ವತ ಮೀಮಾಂಸೆ

ಮೊದಲಿಗೆ ವ್ಯುತ್ಪತ್ತಿ. ಬೇಸಿಗೆಯಲ್ಲಿ ದನಗಳನ್ನು ಮೇಯಲು ಹೊಡೆದುಕೊಂಡು ಹೋಗುವ ಎತ್ತರದ ಹುಲ್ಲುಗಾವಲಿಗೆ ‘ಆಲ್ಪ್’ ಎನ್ನುತ್ತಾರೆಂದು ಸ್ವಿಸ್ ಜನರ ಅಂಬೋಣ. ಇರಲಿ, ದನದ ವಿಚಾರದಲ್ಲಿ ಅವರೊಂದಿಗೆ ನಮಗೆ ತಕರಾರಿಲ್ಲ. ಆದರೆ ಈ ಪ್ರಬಂಧಕಾರನ ಮತದಲ್ಲಿ ಆ ಶಬ್ದ ಸಂಸ್ಕೃತದ ‘ಅಲ್ಪ’ದಿಂದಲೇ ಹೊರಟದ್ದು. ದಾರಿಯಲ್ಲಿ ಚಳಿಗೆ ಮೊದಲಕ್ಷರ ದೀರ್ಘವಾಯಿತು, ಕೊನೆಗೊಂದು ಬಹುವಚನ ಅಂಟಿಕೊಂಡಿತು. ಹಾಗಾಗಿ ಬೆಟ್ಟ ಎಷ್ಟು ಅಲ್ಪವೋ ಅಷ್ಟು ಆಲ್ಪ್ಸ್. ಈ ಸೂತ್ರ ಒಪ್ಪಿದಿರಾದರೆ, ಅಪ್ಪಟ ಆಲ್ಪ್ಸ್ ಇರುವುದು ದೆಹಲಿಯಲ್ಲಿ. ಅರಾವಳಿಯ ಬಾಲದ ತುದಿ ಇಲ್ಲಿಗೆ ಬಂದು ಮುಗಿಯುತ್ತದೆ. ಅರಾವಳಿಯ ವಯಸ್ಸಿನ ಮುಂದೆ ಯುರೋಪಿನ ಆಲ್ಪ್ಸ್ ಇನ್ನೂ ತೊಟ್ಟಿಲ ಕೂಸು. ವಯಸ್ಸಾದವರು ಕುಗ್ಗುವುದು ಸಹಜ.

ಸಂಶೋಧನೆಯ ಪ್ರೇರಣೆಯನ್ನೂ ದಾಖಲಿಸಬೇಕು. ಹತ್ತನೇ ಕ್ಲಾಸಿನಲ್ಲಿ ತೊಂಬತ್ತರ ಮೇಲೆ ತೆಗೆದರೆ ಸ್ವಿಟ್ಜರ್ಲೆಂಡ್ ತೋರಿಸುತ್ತೇನೆಂದು ಮಗಳಿಗೆ ಬಾಯಿತಪ್ಪಿ ಹೇಳಿದ್ದೆ, ತೆಗೆಯಲಾರಳೆಂಬ ಧೈರ್ಯದ ಮೇಲೆ. ತೆಗೆದಳು. ಹೆಂಡತಿ ಹಾಲಿನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ನಾಲ್ಕು ಜನರ ಖರ್ಚು ಕೂಡಿಸಿ, ಮೊತ್ತದ ಕೆಳಗೆ ಎರಡು ಗೆರೆ ಎಳೆದು, ಪುಸ್ತಕವನ್ನು ನನ್ನ ಊಟದ ತಟ್ಟೆಯ ಪಕ್ಕಕ್ಕೆ ಸರಿಸಿದಳು. ಕೇಂದ್ರ ಸರ್ಕಾರದ ಎಲ್‌ಟಿಸಿ ಪ್ರವಾಸ ಭತ್ಯೆ ದೇಶದ ಮೂಲೆಮೂಲೆಗೂ ಸಲ್ಲುತ್ತದೆ, ಗಡಿಯಾಚೆ ಗೇಣು ದೂರಕ್ಕೂ ಸಲ್ಲದು. ದೊಡ್ಡ ಸಿದ್ಧಾಂತಗಳು ಹುಟ್ಟುವುದೇ ಇಂಥ ಇಕ್ಕಟ್ಟಿನಲ್ಲಿ.

ಇನ್ನು ಲಕ್ಷಣ. ಬೆಟ್ಟ, ಅದರ ಬುಡದಲ್ಲಿ ನೀರು, ನೀರಿನ ಪಕ್ಕದಲ್ಲಿ ಹಳ್ಳಿ, ಹಳ್ಳಿಯಲ್ಲಿ ದನ, ಎಲ್ಲಕ್ಕೂ ಮೇಲೆ ಹದ್ದು: ಈ ಐದು ಕೂಡಿದ್ದು ಆಲ್ಪ್ಸ್. ಲಕ್ಷಣ ಹೇಳಿದರೆ ಸಾಲದು. ಹೇಳಬೇಕಾದದ್ದನ್ನು ಬಿಟ್ಟರೆ ಅವ್ಯಾಪ್ತಿ, ಹೇಳಬಾರದ್ದಕ್ಕೂ ಹೊಂದಿದರೆ ಅತಿವ್ಯಾಪ್ತಿ, ಯಾವುದಕ್ಕೂ ಹೊಂದದಿದ್ದರೆ ಅಸಂಭವ. ಮೂರೂ ದೋಷಗಳಿಂದ ಅದು ಪಾರಾಗಬೇಕೆಂದು ನ್ಯಾಯಶಾಸ್ತ್ರದ ಕಟ್ಟಪ್ಪಣೆ. ಚಾಣಕ್ಯಪುರಿಯ ಸ್ವಿಸ್ ರಾಯಭಾರ ಕಚೇರಿ ಇರುವ ಬೀದಿಗೂ ನ್ಯಾಯ ಮಾರ್ಗವೆಂದೇ ಹೆಸರು ಎಂಬುದನ್ನು ವಿದ್ವಾಂಸರು ಇದುವರೆಗೆ ಗಮನಿಸಿದಂತಿಲ್ಲ.

ಪೂರ್ವನಿದರ್ಶನವೂ ಉಂಟು. 1992ರ ಜುಲೈ 7ರಂದು ಸ್ವಿಸ್ ರಾಜತಾಂತ್ರಿಕರೊಬ್ಬರು ಹಿಮಾಚಲದ ಖಜ್ಜಿಯಾರ್‌ಗೆ ಹೋಗಿ, ಅದು ಮಿನಿ ಸ್ವಿಟ್ಜರ್ಲೆಂಡ್ ಎಂದು ಒಪ್ಪಿ, ಬರ್ನ್ ನಗರ 6,194 ಕಿಲೋಮೀಟರ್ ಎಂಬ ಬೋರ್ಡು ನೆಡಿಸಿ ಬಂದರು. ಆಲ್ಪ್ಸ್ ಎಂಬುದು ಬೋರ್ಡಿನಿಂದ ಸಿದ್ಧಿಸುವ ಪದಾರ್ಥ ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಕ್ಷೇತ್ರಕಾರ್ಯಕ್ಕೆ ಮೇ ತಿಂಗಳ ಒಂದು ಭಾನುವಾರ ಗೊತ್ತಾಯಿತು. ತಂಡದಲ್ಲಿ ನಾನು, ಹೆಂಡತಿ, ಮಗಳು ಮತ್ತು ಎರಡು ದಿನದ ಹಿಂದಷ್ಟೇ ಅರಸೀಕೆರೆಯಿಂದ ಬಂದಿಳಿದಿದ್ದ ಅಮ್ಮ. ಉಪಕರಣಗಳು: ಹಳೇ ವ್ಯಾಗನಾರ್, ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ, ಕೋಡುಬಳೆ. ಹೊರಟ ಸ್ಥಳ ಮಯೂರ್ ವಿಹಾರ್ ಫೇಸ್ ಮೂರರ ನಾಲ್ಕನೇ ಮಹಡಿ. ನಮ್ಮ ಮನೆಯ ಬಡಗಣ ಕಿಟಕಿ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ವರ್ಷವಿಡೀ ಅದನ್ನು ಮುಚ್ಚಿಟ್ಟಿರುತ್ತೇವೆ, ಸಂದಿಗೆ ಹಳೇ ಪಂಚೆಯ ಚೂರೂ ತುರುಕಿದೆ.

ಮೊದಲ ಶಿಖರ ರೈಸಿನಾ. ಮಾಂಟ್ ಬ್ಲಾಂಕ್ 4,800 ಮೀಟರ್ ದಾಟುತ್ತದೆ. ರೈಸಿನಾ ಸುತ್ತಲ ನೆಲಕ್ಕಿಂತ ಸುಮಾರು 18 ಮೀಟರ್ ಎತ್ತರ. ಅಲ್ಪತ್ವದಲ್ಲಿ ಗೆಲುವು ನಮ್ಮದೇ. ಹತ್ತುವ ಕಷ್ಟ ನೋಡಿದರೂ ಅಷ್ಟೆ: ಮಾಂಟ್ ಬ್ಲಾಂಕ್ ಹತ್ತಿದವರು ಸಾವಿರ ಸಾವಿರ, ರೈಸಿನಾ ತುದಿಯ ಮನೆಗೆ ರಾಷ್ಟ್ರಪತಿಯಾಗಿ ಹೊಕ್ಕವರು 1950ರಿಂದ ದ್ರೌಪದಿ ಮುರ್ಮು ಅವರವರೆಗೆ ಹದಿನೈದೇ ಜನ. ಇದನ್ನು ಕಾರಿನಲ್ಲಿ ವಿವರಿಸುತ್ತಿದ್ದಾಗ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಅಮ್ಮ ಮಾತ್ರ, “ಬೆಟ್ಟ ಎಲ್ಲಿ ಬಂತೋ?” ಎಂದಳು. ಅಷ್ಟರಲ್ಲಿ ಬೆಟ್ಟ ಹಿಂದೆ ಹೋಗಿತ್ತು.

ಹೌಜ್ ಖಾಸ್ ನಮ್ಮ ಮುಖ್ಯ ಆಕರ. ಹೆಸರಿನಲ್ಲೇ ವಿಲೇಜ್ ಇದೆ, ಪಕ್ಕದಲ್ಲೇ ಕೆರೆ. ಸಿರಿ ಕೋಟೆಯ ಬಾಯಾರಿಕೆಗೆಂದು ಅಲ್ಲಾವುದ್ದೀನ್ ಖಿಲ್ಜಿ ತೋಡಿಸಿದ್ದು. ಹೂಳು ತುಂಬಿದ ಮೇಲೆ ಫಿರೋಜ್ ಶಾ ತುಘಲಕ್ ತೆಗೆಸಿ, 1350ರ ದಶಕದಲ್ಲಿ ದಂಡೆಯ ಮೇಲೆ ಮದರಸಾ ಕಟ್ಟಿಸಿ, ಕೊನೆಗೆ ಅಲ್ಲೇ ಗೋರಿಯಲ್ಲಿ ಮಲಗಿದ. 1398ರಲ್ಲಿ ದೆಹಲಿಯನ್ನು ಸೋಲಿಸಿದ ತೈಮೂರ್ ಬೀಡುಬಿಟ್ಟದ್ದೂ ಇದರ ದಂಡೆಯಲ್ಲೇ. ಲೇಕ್ ವ್ಯೂ ರೂಮಿಗೆ ಬಾಡಿಗೆ ಕೊಡದ ಮೊದಲ ಪ್ರವಾಸಿ ಅವನೇ ಇರಬೇಕು. ಆಮೇಲೆ ಕೆರೆ ಬತ್ತಿತು. ಈಗ ಇರುವುದು ಚರಂಡಿ ನೀರನ್ನು ಸಂಸ್ಕರಿಸಿ ಬಿಟ್ಟದ್ದು. ಮೇಲೆ ದಟ್ಟ ಪಾಚಿ. ಆಲ್ಪೈನ್ ಸರೋವರಗಳೂ ಹಸಿರಾಗಿಯೇ ಇರುತ್ತವೆ ಎಂದೆ. “ಮೂಗು ಮುಚ್ಚಿಕೊಂಡು ಹೇಳ್ತಿದ್ದೀರಲ್ಲ ರೀ” ಎಂದು ಹೆಂಡತಿ ಖಂಡನೆ ಮಂಡಿಸಿದಳು.

ದೆಹಲಿಯಲ್ಲಿ ಹಳ್ಳಿ ಎಂದರೇನು ಎಂಬುದೇ ಬೇರೆ ಶಾಸ್ತ್ರ. 1908ರಲ್ಲಿ ಕಂದಾಯದವರು ನಕ್ಷೆಯ ಮೇಲೆ ಊರ ವಸತಿಯ ಸುತ್ತ ಕೆಂಪು ಗೆರೆ ಎಳೆದರು, ಅದೇ ಲಾಲ್ ಡೋರಾ. ಹೊಲವೆಲ್ಲ ಕಾಲೊನಿಯಾಗಿ ಹೋದ ಮೇಲೂ ಗೆರೆಯೊಳಗೆ ಕಟ್ಟಡದ ಕಾನೂನಿಗೆ ಸಡಿಲಿಕೆ ಉಳಿಯಿತು. ಹಾಗಾಗಿ ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಬೂಟಿಕ್, ಬೂಟಿಕ್ ಮೇಲೆ ಕೆಫೆ, ಕೆಫೆಯ ಮೇಲೆ ಇನ್ನೊಂದು ಕೆಫೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಎನ್ನುತ್ತಾರೆ. ಇಲ್ಲಿ ಟೆರೇಸಿನ ಮೇಲೆ ದೊಡ್ಡ ಕೊಡೆಗಳನ್ನು ಹಗಲೂ ರಾತ್ರಿ ಬಿಚ್ಚಿಟ್ಟಿರುತ್ತಾರೆ. ಅಂಥದ್ದೊಂದರ ಕೆಳಗೆ ಕುಳಿತು ಕುಡಿದ ಕಾಫಿಗೆ ತಲಾ ಮುನ್ನೂರ ಇಪ್ಪತ್ತು ರೂಪಾಯಿ. ಅಮ್ಮ ಲೋಟದ ತಳ ನೋಡಿದಳು, ಬಿಲ್ಲು ನೋಡಿದಳು. “ಈ ದುಡ್ಡಿಗೆ ಮನೇಲಿ ತಿಂಗಳು ಪೂರ್ತಿ ಕುಡೀಬಹುದಿತ್ತಲ್ಲೋ.” ಹಳ್ಳಿ ಸಿಕ್ಕಿತು, ನೀರು ಸಿಕ್ಕಿತು, ದನಕ್ಕೆ ಗಲ್ಲಿಯಲ್ಲೊಂದು ಹೋರಿಯೂ ಸಿಕ್ಕಿತು. ಬೆಟ್ಟ ಸಿಗಲಿಲ್ಲ. ಮದರಸಾದ ಮೆಟ್ಟಿಲನ್ನೇ ಬೆಟ್ಟವೆಂದು ಪರಿಗಣಿಸೋಣ ಎಂಬ ನನ್ನ ಸೂಚನೆ ಮೂರಕ್ಕೆ ಒಂದು ಮತದಿಂದ ಬಿದ್ದುಹೋಯಿತು. ಅವ್ಯಾಪ್ತಿ.

ಬೆಟ್ಟ ಹುಡುಕಿಕೊಂಡು ಫರಿದಾಬಾದಿನ ಕಡೆ ತಿರುಗಿದೆವು. ಸೂರಜ್‌ಕುಂಡ ಬಂತು. ಹತ್ತನೇ ಶತಮಾನದಲ್ಲಿ ತೋಮರ ದೊರೆ ಸೂರಜ್‌ಪಾಲ ಕಟ್ಟಿಸಿದನೆನ್ನುವ, ಅರ್ಧಚಂದ್ರಾಕಾರದ ಕಲ್ಲಿನ ಮೆಟ್ಟಿಲುಗಳ ಕೊಳ. ಇಲ್ಲೊಂದು ಪರಿಭಾಷೆಯ ಜಗಳ ಎದ್ದಿತು. ಸರೋವರ ಎಂದು ನಾನು ಬರೆದುಕೊಳ್ಳುತ್ತಿದ್ದರೆ, “ಸರೋವರ ಎಂಥದ್ದೋ, ಕಲ್ಯಾಣಿ ಕಣೋ ಇದು. ತೂಬಿದ್ರೆ ಕೆರೆ, ಇಲ್ಲದಿದ್ರೆ ಕಟ್ಟೆ, ಸಣ್ಣದಾದ್ರೆ ಕುಂಟೆ. ಮೆಟ್ಲಿದ್ರೆ ಕಲ್ಯಾಣಿ” ಎಂದು ಅಮ್ಮ ಒಂದೇ ಉಸಿರಿಗೆ ನಾಲ್ಕು ಅಧ್ಯಾಯ ಮುಗಿಸಿದಳು. ಒಳಗೆ ನೀರಿರಲಿಲ್ಲ. “ನೀರಿಲ್ದಿದ್ರೆ?” ಎಂದು ಮಗಳು ಕೇಳಿದಳು. ಅದಕ್ಕೆ ಅಮ್ಮನ ನಿಘಂಟಿನಲ್ಲಿ ಪದವಿರಲಿಲ್ಲ.

ಅಲ್ಲಿಂದ ಬಡ್‌ಖಲ್. 1947ರಲ್ಲಿ ಅರಾವಳಿಯ ಮಡಿಲಿಗೆ ಒಡ್ಡು ಕಟ್ಟಿ ಮಾಡಿದ ಕೆರೆ. ನಾನು ದೆಹಲಿಗೆ ಬಂದ ಹೊಸದರಲ್ಲಿ, ಇಲ್ಲಿ ದೋಣಿಯಲ್ಲಿ ಕೂತದ್ದನ್ನು ಹಿರಿಯ ಸಹೋದ್ಯೋಗಿಗಳು ಹಿಂದಿನ ಜನ್ಮದ ಕಥೆಯಂತೆ ಹೇಳುತ್ತಿದ್ದರು. ಸುತ್ತಲ ಗುಡ್ಡಗಳನ್ನು ಕಲ್ಲಿಗೂ ಮರಳಿಗೂ ಬಗೆದರು, ಮಳೆನೀರು ಇಳಿದು ಬರುತ್ತಿದ್ದ ದಾರಿ ತಪ್ಪಿತು, ಅಂತರ್ಜಲ ಕುಸಿಯಿತು. ಸುಪ್ರೀಂ ಕೋರ್ಟು 2002ರಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕೆರೆ ಮಾತ್ರ ಒಣಗಿಯೇ ಹೋಯಿತು. ಇದನ್ನೂ ಸಂಸ್ಕರಿಸಿದ ನೀರಿನಿಂದಲೇ ತುಂಬಿಸುವ ಯೋಜನೆ. ಅಂದರೆ ನಾವು ಸ್ನಾನ ಮಾಡಿದಷ್ಟೂ ದೆಹಲಿಯ ಆಲ್ಪೈನ್ ಸರೋವರಗಳು ಸಮೃದ್ಧ. ಕಾರಿನ ಎಸಿ ಇಲ್ಲಿ ಕೈಕೊಟ್ಟಿದ್ದರಿಂದ ಹೆಚ್ಚಿನ ಅಧ್ಯಯನ ಸಾಧ್ಯವಾಗಲಿಲ್ಲ. ಮೊಸರನ್ನವನ್ನು ಕೀಕರ್ ಮರದ ಕೆಳಗೆ ನಿಂತುಕೊಂಡೇ ಮುಗಿಸಿದೆವು.

ಮನೆ ತಲುಪಿದಾಗ ಸಂಜೆ ಆರೂವರೆ. ಕರೆಂಟಿರಲಿಲ್ಲ. ನಾನು ಟಿಪ್ಪಣಿ ಹರಡಿಕೊಂಡು, ಸಿದ್ಧಾಂತವನ್ನು ಅಸಂಭವ ದೋಷದಿಂದ ಹೇಗೆ ಪಾರು ಮಾಡುವುದೆಂದು ಯೋಚಿಸುತ್ತಿದ್ದೆ. ಸೆಕೆ ತಾಳಲಾರದೆ ಅಮ್ಮ ಪಂಚೆಯ ಚೂರು ಎಳೆದುಹಾಕಿ ಬಡಗಣ ಕಿಟಕಿ ತೆಗೆದುಬಿಟ್ಟಳು.

ಗಾಜಿಪುರ. 1984ರಿಂದ ದೆಹಲಿ ತನ್ನ ಕಸವನ್ನು ತಂದು ಸುರಿಯುತ್ತಿರುವ ಜಾಗ. 2019ರ ಹೊತ್ತಿಗೆ 65 ಮೀಟರ್ ಏರಿತ್ತು, ಕುತುಬ್ ಮಿನಾರ್ 73. ಅರಾವಳಿ ಕರಗುತ್ತಿರುವ ಊರಿನಲ್ಲಿ ಬೆಳೆದ ಬೆಟ್ಟ ಇದು. 2017ರ ಸೆಪ್ಟೆಂಬರ್ 1ರಂದು ಅದರ ಒಂದು ಮಗ್ಗುಲು ಕುಸಿದು ಇಬ್ಬರು ಸತ್ತರು. ಅಣಕು ಮೀಮಾಂಸೆಯಲ್ಲಿ ಈ ವಾಕ್ಯ ಎಲ್ಲಿ ಸೇರುತ್ತದೋ ತಿಳಿಯದೆ ಇಲ್ಲೇ ಬಿಟ್ಟಿದ್ದೇನೆ.

ಟಿಪ್ಪಣಿ ತೆಗೆದು ತಾಳೆ ನೋಡಿದೆ. ಬೆಟ್ಟ, ಇದೆ. ಬುಡದಲ್ಲಿ ನೀರು, ನಾಲೆಯ ಕಪ್ಪು ನೀರು ಇದೆ. ಹಳ್ಳಿ, ಗಾಜಿಪುರವೆಂಬ ಹಳ್ಳಿಯೇ ಇದೆ. ದನ, ಪಕ್ಕದಲ್ಲೇ ಗಾಜಿಪುರ ಡೇರಿ, ಸಾಲು ಸಾಲು ಎಮ್ಮೆ. ಹೆಂಡತಿಯ ಲೆಕ್ಕದ ಪುಸ್ತಕದ ಹಾಲು ಬರುವುದೂ ಅಲ್ಲಿಂದಲೇ. ತುದಿಯ ಮೇಲೆ ಹೊಗೆ ಮಂಜಿನಂತೆ ಕೂತಿತ್ತು, ಅದರ ಮೇಲೆ ನೂರಾರು ಹದ್ದು. ಐದಕ್ಕೆ ಐದು. ಹೌಜ್ ಖಾಸಿಗೆಂದು ಹೊಲಿದ ಅಂಗಿ ಇದಕ್ಕೆ ಅಳತೆ ಕೊಟ್ಟಂತೆ ಕೂತಿತು. ಅತಿವ್ಯಾಪ್ತಿ ಎಂದರೆ ಇದೇ.

“ಅಜ್ಜಿ, ಕಿಟಕಿ ಮುಚ್ಚಿ, ವಾಸ್ನೆ” ಎಂದು ಮಗಳು ಒಳಗಿನಿಂದ ಕೂಗಿದಳು.

ಅಮ್ಮನಿಗೆ ನೆಗಡಿ, ವಾಸನೆ ಹತ್ತಿರಲಿಲ್ಲ. ಅರಸೀಕೆರೆಯ ಮಾಲೇಕಲ್ ತಿರುಪತಿ ಬೆಟ್ಟವನ್ನು ಮೂವತ್ತು ಸಲ ಹತ್ತಿ ಇಳಿದ ಕಣ್ಣು ಅದು. ಸರಳು ಹಿಡಿದು, ಹಣೆಯ ಮೇಲೆ ಅಂಗೈ ಅಡ್ಡ ಇಟ್ಟು ತುದಿಯವರೆಗೂ ನೋಡಿದಳು.

“ಬೆಳಗಿಂದ ಊರೆಲ್ಲ ಸುತ್ತಿಸಿದೆಯಲ್ಲೋ, ಮನೆ ಮುಂದೇನೇ ಇಟ್ಕೊಂಡು” ಎಂದಳು. “ಮೇಲೆ ಯಾವ ದೇವ್ರು?”

ನಾನು ಉತ್ತರ ಹುಡುಕುವಷ್ಟರಲ್ಲಿ ಅವಳು ಕೈ ಮುಗಿದಾಗಿತ್ತು.